ಹನ್ನೊಂದನೇ ಮಂಚದ ಊಟ

ವಡೋದರಾದ ಆ ಆಸ್ಪತ್ರೆಗೆ ಹೋಗಿ ಹೇಮಲತಾ ಎಲ್ಲಿ ಅಂತ ಕೇಳಿದರೆ ಗೇಟಿನ ವಾಚ್‌ಮನ್ ಕೂಡ ತಲೆ ಕೆರೆದುಕೊಳ್ಳುತ್ತಿದ್ದ. ಅಲ್ಲಿ ಅವಳು ಬರೀ ‘ಮಾಸಿ’. ವಾರ್ಡುಗಳಲ್ಲಿ ಆಯಾ ಕೆಲಸ ಮಾಡುವ ಹೆಂಗಸರೆಲ್ಲ ಗುಜರಾತಿನಲ್ಲಿ ಮಾಸಿಯರೇ, ಅಂದರೆ ಚಿಕ್ಕಮ್ಮಂದಿರು. ಇಪ್ಪತ್ತರ ನರ್ಸೂ ಮಾಸಿ ಅನ್ನುತ್ತಾಳೆ, ಎಂಬತ್ತರ ಮುದುಕಿಯೂ ಮಾಸಿ ಅನ್ನುತ್ತಾಳೆ. “ಬಾಯ್ತುಂಬ ಚಿಕ್ಕಮ್ಮ ಅಂತಾರೆ, ಕೈಗೆ ಬೆಡ್‌ಪ್ಯಾನ್ ಕೊಡ್ತಾರೆ. ಇಂಥ ನೆಂಟಸ್ತಿಕೆ ಪ್ರಪಂಚದಲ್ಲಿ ಇನ್ನೆಲ್ಲಾದ್ರೂ ಇದ್ಯೇನ್ರೀ?” ಅಂತ ಅವಳು ಗಂಡನ ಹತ್ತಿರ ನಗುತ್ತಿದ್ದಳು. ಅವಳ ಬಾಯಿ ಜೋರು, ಕೈ ಮೆತ್ತಗೆ. ರೋಗಿಗಳಿಗೆ ಬೇಕಾದದ್ದು ಅವಳ ಕೈ. ಬಾಯಿಯನ್ನು ಹೇಗೋ ಸಹಿಸಿಕೊಳ್ಳುತ್ತಿದ್ದರು.

ಚನ್ನರಾಯಪಟ್ಟಣದ ಹುಡುಗಿ ಈ ಊರಿಗೆ ಬಂದು ಇಪ್ಪತ್ತೆರಡು ವರ್ಷ. ಗಂಡ ಕಿಶೋರ್‌ಗೆ ಮಕರಪುರದ ಕಾರ್ಖಾನೆಯೊಂದರಲ್ಲಿ ಮೋಟಾರ್ ವೈಂಡಿಂಗ್ ಕೆಲಸ. “ಎರಡೇ ವರ್ಷ ಹೇಮಾ, ಆಮೇಲೆ ವಾಪಸ್” ಅಂತ ಕರೆದುಕೊಂಡು ಬಂದ ಮಹಾನುಭಾವ ಇವತ್ತಿಗೂ ಅದೇ ಬೆಂಚಿನಲ್ಲಿ ಕೂತು ತಂತಿ ಸುತ್ತುತ್ತಿದ್ದಾನೆ. ಮಂಜಲ್‌ಪುರದಲ್ಲಿ ಎರಡು ಕೋಣೆಯ ಮನೆ. ಮಗಳು ಸಿಂಚನಾ ಇಲ್ಲೇ ಹುಟ್ಟಿದವಳು. ಕನ್ನಡ ಮಾತಾಡಿದರೆ ಅಮ್ಮನನ್ನೂ “ಬಂತು, ಹೋಯ್ತು” ಅಂತಲೇ ಅನ್ನುತ್ತಾಳೆ. ಹೇಮಲತಾ ತಿದ್ದೀ ತಿದ್ದೀ ಸುಸ್ತಾಗಿ ಬಿಟ್ಟುಬಿಟ್ಟಿದ್ದಳು.

ಒಂಬತ್ತು ವರ್ಷದಿಂದ ಅವಳಿಗೆ ರಾತ್ರಿಯೇ ಡ್ಯೂಟಿ. ಸಂಜೆ ಏಳಕ್ಕೆ ಹೋದರೆ ಬೆಳಿಗ್ಗೆ ಏಳಕ್ಕೆ ಬಿಡುಗಡೆ. ಏಜೆನ್ಸಿಯ ಮೂಲಕ ಬಂದವರಿಗೆ ರಾತ್ರಿ, ಆಸ್ಪತ್ರೆಯ ಪರ್ಮನೆಂಟ್ ಮಾಸಿಯರಿಗೆ ಹಗಲು, ಇದು ಅಲ್ಲಿಯ ಪದ್ಧತಿ. ಕಿಟಕಿಗೆ ಕಪ್ಪು ದುಪ್ಪಟ್ಟಾ ಕಟ್ಟಿಕೊಂಡು ಹಗಲು ಹೊತ್ತು ಮಲಗುತ್ತಿದ್ದಳು. ತರಕಾರಿ ಗಾಡಿಯವನು ಕೂಗಿದರೆ ಎಚ್ಚರ, ಕುಕ್ಕರ್ ಕೂಗಿದರೆ ಎಚ್ಚರ. ಗಂಡ, ಮಗಳು, ತಾನು ಮೂರೂ ಜನ ರಾತ್ರಿ ಒಟ್ಟಿಗೆ ಕೂತು ಉಣ್ಣುವುದು ವಾರಕ್ಕೊಂದು ಸೋಮವಾರ, ರಜೆಯ ದಿನ ಮಾತ್ರ. ಅವಳಿಗೆ ಚಿನ್ನ ಬೇಕಿರಲಿಲ್ಲ, ಸೈಟು ಬೇಕಿರಲಿಲ್ಲ. ಕತ್ತಲಾದಾಗ ಮನೆಯಲ್ಲಿ ಉಂಡು ಕತ್ತಲಲ್ಲಿ ಮಲಗಬೇಕು, ಅಷ್ಟೇ ಆಸೆ.

ಆ ಆಸೆಗೆ ಕಾಲ ಕೂಡಿಬಂದಿತ್ತು ನೋಡಿ. ಹನ್ನೊಂದು ಮಾಸಿಯರಲ್ಲಿ ನಾಲ್ವರನ್ನು ಜನವರಿ ಒಂದರಿಂದ ಪರ್ಮನೆಂಟ್ ಮಾಡುತ್ತೇವೆ ಎಂದು ಆಸ್ಪತ್ರೆ ಪಟ್ಟಿ ಹಾಕಿತ್ತು. ಹೇಮಲತಾಳದು ಎರಡನೇ ಹೆಸರು. ಡಿಸೆಂಬರ್ ಇಪ್ಪತ್ತರ ಸಂಜೆ ಅವಳು ಫೋಟೋ, ಆಧಾರ್ ಜೆರಾಕ್ಸು ಎಲ್ಲ ಹಿಡಿದುಕೊಂಡು ಆಫೀಸಿನ ಮುಂದೆ ಎರಡು ಗಂಟೆ ನಿಂತು ಫಾರಂ ಕೊಟ್ಟಳು. ಅಲ್ಲಿಂದ ನೇರ ಡ್ಯೂಟಿಗೆ. ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಆದರೆ ಅವತ್ತು ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಹೆಂಗಸರ ವಾರ್ಡಿನ ಹನ್ನೊಂದನೇ ಮಂಚದಲ್ಲಿ ಹಸುಮತಿಬೆನ್ ಅಂತ ಎಪ್ಪತ್ತಾರು ವರ್ಷದ ಜೈನರ ಅಜ್ಜಿ. ಎಲ್ಲರೂ ಆಕೆಯನ್ನು ‘ಬಾ’ ಅನ್ನುತ್ತಿದ್ದರು, ಎಂದರೆ ಅಮ್ಮ. ಮೂತ್ರದ ಸೋಂಕಿನಿಂದ ಜ್ವರ ಬಂದು ಸೇರಿ ಮೂರು ದಿನ. ಜೊತೆಗೆ ಹಳೆಯ ಸಕ್ಕರೆ ಕಾಯಿಲೆ. ಹಿಂದಿನ ಎರಡು ದಿನ ಸೊಸೆ ನಿಕಿತಾ ಸಂಜೆ ಐದಕ್ಕೇ ಮನೆಯಿಂದ ಡಬ್ಬಿ ತಂದು ಉಣ್ಣಿಸಿದ್ದಳು. ಹಗಲಿನ ಸಿಸ್ಟರ್ ಆಗಲೇ ಇನ್ಸುಲಿನ್ ಕೊಟ್ಟು ಮುಗಿಸಿದ್ದಳು. ಆ ದಿನ ನಿಕಿತಾಗೆ ಮಗುವಿನ ಶಾಲೆಯ ವಾರ್ಷಿಕೋತ್ಸವ, ಬರಲಿಲ್ಲ. ಆಸ್ಪತ್ರೆಯಲ್ಲೇ ಊಟ ಕೊಡಿ ಎಂದು ಫೋನ್ ಮಾಡಿದ್ದಳು. ಹಗಲಿನ ಸಿಸ್ಟರ್ ‘ಊಟವಾದ ಮೇಲೆ ಇನ್ಸುಲಿನ್ ಕೊಡುವುದು’ ಅಂತ ರಾತ್ರಿಯವಳಿಗೆ ಬರೆದಿಟ್ಟು ಹೋದಳು. ಇದು ಹೇಮಲತಾಗೆ ಗೊತ್ತಿರಲಿಲ್ಲ.

ಏಳೂಕಾಲಿಗೆ ಟ್ರಾಲಿ ಬಂತು. ಹನ್ನೊಂದರ ತಟ್ಟೆಯ ಮೇಲೆ ‘ಜೈನ್’ ಅಂತ ಚೀಟಿ. ಆಲೂಗಡ್ಡೆ ಇಲ್ಲ, ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಅಡುಗೆಮನೆಯವರು ಎಷ್ಟು ನಿಷ್ಠೆಯವರು ಅಂತೀರಿ! ಆದರೆ ಸೂರ್ಯ ಮುಳುಗಿ ಒಂದು ಗಂಟೆಯಾಗಿದೆ ಅನ್ನುವುದು ಮಾತ್ರ ಆ ನಿಷ್ಠಾವಂತರಿಗೆ ಹೊಳೆದಿರಲಿಲ್ಲ.

“ಕತ್ತಲಾಯ್ತಲ್ಲ ಮಗಳೇ,” ಅಂದರು ಬಾ. “ಇನ್ನು ನಾಳೆಯೇ. ನೀರೂ ಬೇಡ.”

ಬೇರೆ ಯಾವ ಮಾಸಿಯಾಗಿದ್ದರೂ ಒಂದು ಸಲ ಗದರಿ, ಎರಡು ಸಲ ಪುಸಲಾಯಿಸಿ, ಕೊನೆಗೆ ಸಿಸ್ಟರ್ ಹತ್ತಿರ ಓಡುತ್ತಿದ್ದಳು. ಹೇಮಲತಾ ಹಾಗೆ ಮಾಡಲಿಲ್ಲ. ಊರಿನಲ್ಲಿ ಅವಳ ಪಕ್ಕದ ಮನೆಯೂ ಜೈನರದೇ. ಆ ಮನೆಯ ಅಜ್ಜಿ ದೀಪ ಹಚ್ಚುವ ಮೊದಲೇ ಉಂಡು ಕೈ ತೊಳೆದುಬಿಡುತ್ತಿತ್ತು, ಆಮೇಲೆ ದೇವೇಂದ್ರನೇ ಬಂದು ಬಡಿಸಿದರೂ ಬಾಯಿ ತೆರೆಯುತ್ತಿರಲಿಲ್ಲ. ವ್ರತ ಅಂದರೆ ಏನು ಅಂತ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಗೊತ್ತಿದ್ದದ್ದೇ ಅವಳಿಗೆ ಮುಳುವಾಯಿತು.

“ಹಾಗಾದ್ರೆ ತಟ್ಟೆ ತಗೊಂಡು ಹೋಗ್ತೀನಿ, ಬಾ.”

“ಎಲ್ಲಿಗೆ? ಕಸದ ಬುಟ್ಟಿಗಾ?” ಬಾ ಅವಳ ಮಣಿಕಟ್ಟು ಹಿಡಿದರು. “ಅನ್ನ ಚೆಲ್ಲಿದ ಪಾಪ ನನ್ನ ತಲೆಗೆ ಕಟ್ಟಬೇಡ. ನಿನ್ನ ಮುಖ ನೋಡಿದರೆ ಬೆಳಗಿನಿಂದ ಉಂಡಿಲ್ಲ ಅನ್ನಿಸುತ್ತೆ. ನೀನು ಉಣ್ಣು. ಸೊಸೆಗೆ ಮಾತ್ರ ಹೇಳಬೇಡ, ಸುಮ್ಮನೆ ಪೇಚಾಡ್ತಾಳೆ.”

ರೋಗಿಯ ತಟ್ಟೆಯಿಂದ ಒಂದು ಅಗುಳು ತಿಂದರೂ ಕೆಲಸ ಹೋಗುತ್ತದೆ ಎನ್ನುವುದು ಅಲ್ಲಿಯ ಕಟ್ಟುನಿಟ್ಟು. ಹಿಂದಿನ ವರ್ಷ ಒಬ್ಬ ಮಾಸಿ ರೋಗಿ ಕೊಟ್ಟ ಎರಡು ಬಾಳೆಹಣ್ಣು ತಿಂದು ಮನೆಗೆ ಹೋಗಿದ್ದಳು. ಹೇಮಲತಾಗೆ ಅದು ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಅಜ್ಜಿಯ ಬಿಸಿ ಕೈ ಇನ್ನೂ ಮಣಿಕಟ್ಟಿನ ಮೇಲಿತ್ತು, ಸೋರೆಕಾಯಿ ಪಲ್ಯದ ಒಗ್ಗರಣೆ ಮೂಗಿಗೆ ಹೊಡೆಯುತ್ತಿತ್ತು. ಹಸಿವಿಗೆ ಕಣ್ಣೂ ಇಲ್ಲ, ಕಾನೂನೂ ಇಲ್ಲ. ಬಟ್ಟೆ ಇಡುವ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು, ನಿಂತೇ, ನಾಲ್ಕು ನಿಮಿಷದಲ್ಲಿ ಮೂರು ಫುಲ್ಕ, ದಾಲು, ಪಲ್ಯ ಎಲ್ಲ ಮುಗಿಸಿದಳು.

ಇನ್ನು ಚೀಟಿ ಉಳಿಯಿತು. ಪ್ರತಿ ಮಂಚದ ಕಾಲ ಬಳಿ ಒಂದು ಹಲಗೆ, ಅದರಲ್ಲಿ ಊಟದ ಚೀಟಿ. ಮೂರು ಮನೆ: ಪೂರ್ತಿ, ಅರ್ಧ, ಇಲ್ಲ. ಗುರುತು ಹಾಕುವುದು ಮಾಸಿಯ ಕೆಲಸ. ‘ಇಲ್ಲ’ಕ್ಕೆ ಹಾಕಿದರೆ ತಟ್ಟೆ ಎಲ್ಲಿ, ಊಟ ಏನಾಯ್ತು ಅಂತ ನೂರೆಂಟು ಪ್ರಶ್ನೆ. ಖಾಲಿ ತಟ್ಟೆ ಟ್ರಾಲಿಯಲ್ಲಿತ್ತು. ಹೇಮಲತಾ ‘ಪೂರ್ತಿ’ಗೆ ಗುರುತು ಹಾಕಿ, ಕೆಳಗೆ ಸಹಿ ಮಾಡಿ, ಮೂರನೇ ಮಂಚದವಳ ಹಾಸಿಗೆ ಬದಲಿಸಲು ಹೋದಳು.

ಎಂಟು ಗಂಟೆಗೆ ರಾತ್ರಿಯ ಸಿಸ್ಟರ್ ಪೂರ್ವಿ ಸಿರಿಂಜ್ ಹಿಡಿದು ಹನ್ನೊಂದರ ಹತ್ತಿರ ನಿಂತದ್ದನ್ನು ಅವಳು ದೂರದಿಂದ ನೋಡಿದಳು. ಜ್ವರದ್ದೇನೋ ಇಂಜೆಕ್ಷನ್ ಅಂದುಕೊಂಡಳು. ಇನ್ಸುಲಿನ್ ಐದಕ್ಕೇ ಆಗಿರುತ್ತದಲ್ಲ ಅಂತ ಅವಳ ಲೆಕ್ಕ. ಪೂರ್ವಿ ಚೀಟಿ ನೋಡಿದಳು, ಪೂರ್ತಿ ಊಟ, ಬರೆದಿದ್ದಷ್ಟೂ ಔಷಧಿ ಕೊಟ್ಟಳು. ಬಾ ಜ್ವರದ ಮಂಪರಿನಲ್ಲಿ ತೋಳು ಕೊಟ್ಟು ಸುಮ್ಮನಾದರು.

ಆ ವಾರ್ಡಿನಲ್ಲಿ ರಾತ್ರಿ ರೋಗಿಯ ಕಡೆಯವರು ಇರುವಂತಿಲ್ಲ. ಇಪ್ಪತ್ತು ಮಂಚಕ್ಕೆ ಒಬ್ಬ ಸಿಸ್ಟರ್, ಒಬ್ಬ ಮಾಸಿ. ಹನ್ನೆರಡರ ಹೊತ್ತಿಗೆ ನಾಲ್ಕನೇ ಮಂಚಕ್ಕೆ ಹೊಸ ರೋಗಿ ಬಂದಳು, ವಾಂತಿಯಲ್ಲಿ ರಕ್ತ. ಪೂರ್ವಿ ಇಪ್ಪತ್ತನಾಲ್ಕರ ಹುಡುಗಿ, ಕೆಲಸಕ್ಕೆ ಸೇರಿ ಏಳು ತಿಂಗಳು. ಅವಳು ಆ ಮಂಚ ಬಿಟ್ಟು ಅಲ್ಲಾಡಲಿಲ್ಲ. ಡ್ಯೂಟಿ ಡಾಕ್ಟರ್ ಎರಡು ಸಲ ಬಂದು ಹೋದರು. ಹೇಮಲತಾ ರಕ್ತದ ಬಾಟಲಿಗೆ ಓಡಿದಳು, ನೆಲ ಒರೆಸಿದಳು, ಬಟ್ಟೆ ಬದಲಿಸಿದಳು. ಈ ಗಡಿಬಿಡಿಯ ನಡುವೆ ಒಂದು ಗಂಟೆಗೆ ಬಾ ಅವರಿಗೆ ಜ್ವರದ ಬಾಟಲಿಯನ್ನೂ ಏರಿಸಿ ಇಳಿಸಿದ್ದಾಯಿತು.

ಎರಡೂವರೆಗೆ ಹೇಮಲತಾ ತನ್ನ ಸುತ್ತು ಹೊರಟಳು. ಮಗ್ಗುಲು ಬದಲಿಸಬೇಕಾದವರಿಗೆ ಬದಲಿಸುತ್ತ, ಕಂಬಳಿ ಹೊದಿಸುತ್ತ ಹನ್ನೊಂದಕ್ಕೆ ಬಂದು ಬಾ ಅವರ ಕತ್ತಿನ ಹಿಂದೆ ಕೈ ಹಾಕಿದಳು. ಕೈ ತೊಯ್ದುಹೋಯಿತು. ಡಿಸೆಂಬರ್ ಚಳಿಯಲ್ಲಿ ಅಜ್ಜಿಯ ರವಿಕೆ, ದಿಂಬು ಎಲ್ಲ ಒದ್ದೆ. ಮೈ ತಣ್ಣಗೆ. “ಬಾ, ಬಾ” ಅಂದರೆ ಕಣ್ಣು ಅರ್ಧ ತೆರೆದು ಯಾರೋ ಸತ್ತುಹೋದವರ ಹೆಸರು ಹಿಡಿದು ಕರೆದರು, ಮತ್ತೆ ಮುಚ್ಚಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

ಹೇಮಲತಾ ನಾಲ್ಕನೇ ಮಂಚಕ್ಕೆ ಓಡಿದಳು. “ಸಿಸ್ಟರ್, ಬಾ ಬೆವೆತು ನೀರಾಗಿದ್ದಾರೆ. ಬಂದು ನೋಡಿ.”

ಪೂರ್ವಿ ರಕ್ತದ ನಳಿಕೆಯಿಂದ ಕಣ್ಣು ಕೀಳಲಿಲ್ಲ. “ಒಂದು ಗಂಟೆಗೆ ಬಾಟಲಿ ಹಾಕಿದ್ದೀವಲ್ಲ ಮಾಸಿ, ಜ್ವರ ಇಳೀತಿದೆ. ಬೆವರು ಬರೋದೇ ಒಳ್ಳೇದು. ಬಟ್ಟೆ ಬದಲಿಸಿ.”

“ಮಾತು ತೊದಲ್ತಿದೆ.”

“ನಿದ್ದೆಗಣ್ಣು. ಸಂಜೆ ಪೂರ್ತಿ ಊಟ ಮಾಡಿದ್ದಾರೆ, ಇನ್ಸುಲಿನ್ನೂ ಊಟ ನೋಡಿಯೇ ಕೊಟ್ಟಿದ್ದೀನಿ. ಸಕ್ಕರೆ ಇಳಿಯೋ ಪ್ರಶ್ನೆ ಇಲ್ಲ. ಇವರದ್ದು ಬಿ.ಪಿ. ಬೀಳ್ತಿದೆ, ನನ್ನನ್ನು ಈಗ ಕರೀಬೇಡಿ ಮಾಸಿ, ಕೈ ಮುಗೀತೀನಿ.”

ಹೇಮಲತಾ ತಿರುಗಿ ಹನ್ನೊಂದರ ಕಡೆ ನೋಡಿದಳು. ಇನ್ಸುಲಿನ್! ಆ ಎಂಟು ಗಂಟೆಯ ಸಿರಿಂಜ್! ಖಾಲಿ ಹೊಟ್ಟೆಯ ಮುದುಕಿಗೆ ಪೂರ್ತಿ ಊಟದ ಔಷಧಿ. ಊಟ ಎಲ್ಲಿತ್ತು? ತನ್ನ ಹೊಟ್ಟೆಯಲ್ಲಿತ್ತು.

ಒಂದು ಮಾತು ಹೇಳಿದರೆ ಮುಗಿಯಿತು. ಆದರೆ ಆ ಮಾತಿನ ಜೊತೆ ಎರಡನೇ ಹೆಸರೂ ಮುಗಿಯುತ್ತದೆ, ಹಗಲಿನ ಡ್ಯೂಟಿಯೂ ಮುಗಿಯುತ್ತದೆ. ಫಾರಂ ಕೊಟ್ಟು ಹತ್ತು ಗಂಟೆಯೂ ಆಗಿಲ್ಲ. ಅವಳು ಹೇಳಲಿಲ್ಲ. ಹೌದು, ಆ ಹೊತ್ತಿಗೆ ಹೇಳಲಿಲ್ಲ, ಅದನ್ನು ಮುಚ್ಚಿಟ್ಟು ಅವಳನ್ನು ದೇವತೆ ಮಾಡುವುದು ಬೇಡ. ಹೇಳದೆಯೇ ಬಾ ಉಳಿಯುವ ದಾರಿ ಇರಬಹುದು ಅಂತ ಕಾಲು ಅವಳನ್ನು ಚಹಾ ಮಾಡುವ ಮೂಲೆಗೆ ಎಳೆಯಿತು. ಲೋಟದಲ್ಲಿ ನಾಲ್ಕು ಚಮಚ ಸಕ್ಕರೆ ಸುರಿದು, ಎರಡು ಗುಟುಕು ನೀರು ಹಾಕಿ ಕಲಕಿದಳು.

ಬಾ ಅವರ ತಲೆ ಎತ್ತಿ ಹಿಡಿದು ಚಮಚವನ್ನು ತುಟಿಗೆ ತಾಗಿಸಿದಳು. ತುಟಿ ಬಿಗಿಯಿತು. ಹಲ್ಲು ಕಚ್ಚಿಕೊಂಡಿತು. ಯಾರ ಗುರುತೂ ಹತ್ತದ ಆ ಮುದುಕಿ, ಕಣ್ಣು ಮುಚ್ಚಿಕೊಂಡೇ ಮುಖ ಆ ಕಡೆ ತಿರುಗಿಸಿದರು.

“ಬೆಳಗಾಗಲಿ,” ಅಂದರು. ಇಡೀ ರಾತ್ರಿಯಲ್ಲಿ ಸ್ಪಷ್ಟವಾಗಿ ಕೇಳಿದ ಮಾತು ಅದೊಂದೇ.

“ಬಾ, ಔಷಧಿ ಬಾ, ಔಷಧಿ ಇದು. ದಮ್ಮಯ್ಯ ಅಂತೀನಿ.” ಗುಜರಾತಿ ಮರೆತು ಕನ್ನಡದಲ್ಲೇ ಬೇಡಿಕೊಂಡಳು. ಮತ್ತೆ ಚಮಚ ಒತ್ತಿದಳು. ಸಕ್ಕರೆ ನೀರು ಗಲ್ಲದ ಮೇಲಿಂದ ಕತ್ತಿಗೆ ಇಳಿಯಿತು. ಇನ್ನೊಂದು ಸಲ ಒತ್ತಲು ಹೋದಾಗ ಬಾ ಅವರ ಗಂಟಲು ಗೊರ್ ಎಂದಿತು, ಆಗ ಅವಳಿಗೆ ಜ್ಞಾನ ಬಂತು. ಎಚ್ಚರವಿಲ್ಲದವರ ಬಾಯಿಗೆ ಏನೂ ಹಾಕಬಾರದು, ಶ್ವಾಸಕೋಶಕ್ಕೆ ಹೋಗಿ ಪ್ರಾಣ ಹೋಗುತ್ತದೆ ಅಂತ ಒಂಬತ್ತು ವರ್ಷದಿಂದ ಹೊಸ ಮಾಸಿಯರಿಗೆ ಪಾಠ ಹೇಳಿದವಳು ಇವಳೇ. ಅಯ್ಯೋ ಶಿವನೇ, ನಾನೇನು ಮಾಡ್ತಿದ್ದೀನಿ! ಚಮಚ ಎಸೆದಳು. ಬಾ ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿ ಬಾಯಿ ಒರೆಸಿದಳು. ಮಂಚದ ಕಾಲ ಬಳಿಯ ಹಲಗೆಯಲ್ಲಿ ಅವಳದೇ ಗುರುತು, ಅವಳದೇ ಸಹಿ. ಉಪ್ಪು ತಿಂದವಳು ನೀರು ಕುಡಿಯಲೇಬೇಕು, ಅದರಲ್ಲಿ ತಪ್ಪಿಸಿಕೊಳ್ಳುವ ಮಾತಿಲ್ಲ.

ಅವಳು ಆ ಚೀಟಿಯನ್ನೇ ಕಿತ್ತುಕೊಂಡು ಹೋಗಿ ಪೂರ್ವಿಯ ಕಣ್ಣೆದುರು ಹಿಡಿದಳು.

“ಈ ಊಟ ಬಾ ಮಾಡಿಲ್ಲ ಸಿಸ್ಟರ್. ನಾನು ತಿಂದೆ.”

ಪೂರ್ವಿ ತಲೆ ಎತ್ತಿದಳು. “ಏನಂದ್ರಿ?”

“ಅವರು ಕತ್ತಲಾದ ಮೇಲೆ ಉಣ್ಣೋದಿಲ್ಲ. ತಟ್ಟೆ ನನಗೆ ಕೊಟ್ಟರು, ನಾನು ತಿಂದು ಪೂರ್ತಿ ಅಂತ ಬರೆದೆ. ಮಧ್ಯಾಹ್ನದಿಂದ ಅವರ ಹೊಟ್ಟೆಯಲ್ಲಿ ಏನೂ ಇಲ್ಲ. ಬೈಯೋದು ಆಮೇಲೆ ಬೈಯಿರಿ, ಈಗ ಓಡಿ!”

ಹುಡುಗಿ ಓಡಿದಳು. ಅವಳ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ನಾಲ್ಕನೇ ಮಂಚದ ರಕ್ತದ ನಳಿಕೆಯನ್ನು ಹೇಮಲತಾ ಹಿಡಿದು ನಿಂತಳು. ಅಲ್ಲಿಂದ ಅವಳಿಗೆ ಹನ್ನೊಂದರ ಪರದೆ ಮಾತ್ರ ಕಾಣುತ್ತಿತ್ತು. ಬೆರಳಿಗೆ ಸೂಜಿ ಚುಚ್ಚಿ ನೋಡಿದ ಪೂರ್ವಿ “ಮೂವತ್ತಾರು!” ಅಂತ ಕೂಗಿದ್ದು ಕೇಳಿಸಿತು. ಎಪ್ಪತ್ತಕ್ಕಿಂತ ಇಳಿದರೇ ಅಪಾಯ ಅನ್ನುವ ಕಡೆ ಮೂವತ್ತಾರು. ಫೋನು, ಡಾಕ್ಟರ ಚಪ್ಪಲಿ ಸದ್ದು, ಗ್ಲೂಕೋಸ್ ಬಾಟಲಿ ತೆರೆದ ಸದ್ದು. ಆಮೇಲೆ ಏನೂ ಇಲ್ಲ. ಹೇಮಲತಾ ಚೌಡೇಶ್ವರಿಗೂ ಹರಸಿಕೊಂಡಳು, ಬಾ ಅವರ ಕೈಯಲ್ಲಿ ಯಾವಾಗಲೂ ಇರುತ್ತಿದ್ದ ಜಪಮಾಲೆಯ ದೇವರಿಗೂ ಹರಸಿಕೊಂಡಳು. ಕೆಲಸ ಹೋಗಲಿ, ಮುದುಕಿ ಉಳಿಯಲಿ. ಆ ಹರಕೆಯಲ್ಲಿ ಕಪಟವಿರಲಿಲ್ಲ.

ಎಷ್ಟು ಹೊತ್ತಾಯಿತೋ, ಪರದೆಯ ಹಿಂದಿನಿಂದ ಬಾ ಅವರ ಧ್ವನಿ ಬಂತು. “ಯಾಕೆ ಇಷ್ಟು ಜನ? ಯಾರಿಗೆ ಏನಾಯ್ತು?”

ಹೇಮಲತಾ ಅಲ್ಲೇ, ನಳಿಕೆ ಹಿಡಿದುಕೊಂಡೇ, ಗೊಳೋ ಅಂತ ಅತ್ತುಬಿಟ್ಟಳು.

ಡಾಕ್ಟರು ಗ್ಲೂಕೋಸ್ ಹನಿ ಬಿಟ್ಟು, ಗಂಟೆಗೊಮ್ಮೆ ಸಕ್ಕರೆ ನೋಡಿ ಎಂದು ಹೇಳಿ, ಬೇರೆ ಮಹಡಿಯಿಂದ ಕರೆ ಬಂದು ಹೋದರು. ವರದಿ ಬರೆದಿಡಿ, ಬೆಳಿಗ್ಗೆ ನೋಡ್ತೀನಿ ಅಂದರು. ನಾಲ್ಕನೇ ಮಂಚದವಳ ಬಿ.ಪಿ. ಕೂಡ ಒಂದು ಹದಕ್ಕೆ ಬಂದಿತ್ತು. ನಾಲ್ಕು ಗಂಟೆಗೆ ಪೂರ್ವಿ ಹೇಮಲತಾಳನ್ನು ಬಟ್ಟೆ ಇಡುವ ಕೋಣೆಗೆ ಕರೆದಳು. ಅವಳ ಕಣ್ಣೂ ಕೆಂಪಾಗಿತ್ತು.

“ಮಾಸಿ, ನಾನೂ ಅವರನ್ನ ಕೇಳದೆ ಚೀಟಿ ನೋಡಿ ಕೊಟ್ಟುಬಿಟ್ಟೆ. ನನಗೂ ಬರುತ್ತೆ ಇದು.” ದನಿ ತಗ್ಗಿಸಿದಳು. “ಊಟ ಮಾಡಿದ್ದರು, ರಾತ್ರಿ ವಾಂತಿಯಾಯ್ತು, ಅದಕ್ಕೇ ಸಕ್ಕರೆ ಇಳೀತು ಅಂತ ಬರೀತೀನಿ. ಡಾಕ್ಟರ್‌ಗೆ ನಾನಿನ್ನೂ ಏನೂ ಹೇಳಿಲ್ಲ. ಬಾ ಉಳಿದಿದ್ದಾರೆ. ನೀವೂ ಉಳೀತೀರಿ, ನಾನೂ ಉಳೀತೀನಿ.”

ಅಬ್ಬಾ, ಎಷ್ಟು ಸಲೀಸಾದ ದಾರಿ! ಹೇಮಲತಾಳ ಬಾಯಿಗೆ ‘ಹೂಂ’ ಬಂದೇ ಬಿಟ್ಟಿತ್ತು. ಕತ್ತಲಲ್ಲಿ ಉಂಡು ಕತ್ತಲಲ್ಲಿ ಮಲಗುವ ಮನೆ ಕಣ್ಣ ಮುಂದೆ ಬಂತು. ಕಿಶೋರ್ ಸಾರು ಸುರಿದುಕೊಳ್ಳುವ ಸದ್ದು ಕೂಡ ಕೇಳಿಸಿತು.

“ನಾಳೆ ಸಂಜೆ ಟ್ರಾಲಿ ಎಷ್ಟು ಗಂಟೆಗೆ ಬರುತ್ತೆ ಸಿಸ್ಟರ್?” ಅಂದಳು.

“ಏಳೂಕಾಲಿಗೆ. ಯಾಕೆ?”

“ವಾಂತಿ ಅಂತ ಬರೆದ್ರೆ ಡಾಕ್ಟರು ವಾಂತಿಗೆ ಮಾತ್ರೆ ಬರೀತಾರೆ. ನಾಳೆಯೂ ಏಳೂಕಾಲಿಗೆ ತಟ್ಟೆ ಬರುತ್ತೆ. ಇವರು ಹೋದರೆ ಇನ್ನೊಬ್ಬ ಬಾ ಬರ್ತಾರೆ. ಅವರೂ ಯಾರಿಗೋ ತಟ್ಟೆ ಕೊಟ್ಟು ಉಣ್ಣು ಅಂತಾರೆ. ಆ ರಾತ್ರಿ ತಿಂದವಳು ಬಾಯಿ ಬಿಡದೆ ಇದ್ರೆ?” ಹೇಮಲತಾ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾನೇ ಅರ್ಧ ಗಂಟೆ ಬಿಡಲಿಲ್ಲ ಕಣಮ್ಮ. ನನ್ನಂಥ ಬಾಯಿಬಡುಕಿಯೇ ಬಿಡಲಿಲ್ಲ. ಆದದ್ದನ್ನೇ ಬರೀರಿ.”

ಪೂರ್ವಿಯ ಪೆನ್ನು ಕಾಗದಕ್ಕೆ ತಾಗಲಿಲ್ಲ. ಕೊನೆಗೆ ಹೇಮಲತಾಳೇ ಚೀಟಿ ತೆಗೆದುಕೊಂಡು ‘ಪೂರ್ತಿ’ಯ ಗುರುತು ಹೊಡೆದುಹಾಕಿ, ‘ಇಲ್ಲ’ದ ಮನೆಯಲ್ಲಿ ಹೊಸ ಗುರುತು ಹಾಕಿ, ತನಗೆ ಬರುವ ಸೊಟ್ಟ ಗುಜರಾತಿಯಲ್ಲಿ ಕೆಳಗೆ ಬರೆದಳು: ರೋಗಿ ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಊಟ ನಾನು ತಿಂದೆ. ಸಹಿ ಮಾಡಿದಳು.

ಏಳಕ್ಕೇ ಡ್ಯೂಟಿ ಮುಗಿದರೂ ಹೇಮಲತಾ ಮನೆಗೆ ಹೋಗದೆ ಕಾದಳು. ಎಂಟಕ್ಕೆ ಮೇಟ್ರನ್ ಮನಸ್ವಿನಿ ಮೇಡಂ ಬಂದು ಚೀಟಿ ಓದಿದರು. ಕೆಟ್ಟ ಹೆಂಗಸಲ್ಲ ಆಕೆ. ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪೂರ್ವಿಗೆ ಮೆಮೊ ಅಂದರು. ಜೈನರ ತಟ್ಟೆಗಳು ಇವತ್ತಿನಿಂದ ಐದು ಗಂಟೆಗೇ ಬರಬೇಕು ಅಂತ ಅಡುಗೆಮನೆಗೆ ಆಗಲೇ ಫೋನ್ ಮಾಡಿದರು. ಆಮೇಲೆ ಹೇಮಲತಾಳ ಮುಖ ನೋಡದೆ, “ಕಾರ್ಡ್ ಕೊಡಿ ಮಾಸಿ. ಊಟದ ವಿಷಯ ಒಂದೇ ಆಗಿದ್ದರೆ ಹೇಗೋ ಮಾತಾಡಬಹುದಿತ್ತು. ಸುಳ್ಳು ಬರೆದದ್ದಕ್ಕೆ ನನ್ನ ಕೈಯಲ್ಲಿ ಏನೂ ಇಲ್ಲ” ಅಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗಾಯಿತು. ಬಾಯಿಗೆ ಹೋಗಬಾರದ ತುತ್ತು ಮಾತ್ರ ಸರಾಗವಾಗಿ ಇಳಿದಿತ್ತು. ಹೇಮಲತಾ ಕೊರಳಿನ ಕಾರ್ಡು ಬಿಚ್ಚಿ ಮೇಜಿನ ಮೇಲಿಟ್ಟಳು. ಒಂಬತ್ತು ವರ್ಷ ತೂಗಿದ ದಾರ ಮಾಸಿ ಕಪ್ಪಾಗಿತ್ತು.

ಚೀಲ ತೆಗೆದುಕೊಳ್ಳಲು ವಾರ್ಡಿಗೆ ಬಂದಾಗ ಹನ್ನೊಂದರ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಸೊಸೆ ನಿಕಿತಾ ಬಂದಿದ್ದಳು. ಅಳುತ್ತ, ತನ್ನನ್ನೂ ಬೈದುಕೊಳ್ಳುತ್ತ, ಡಬ್ಬಿ ಬಿಚ್ಚುತ್ತಿದ್ದಳು. ಬಾ ದಿಂಬಿಗೆ ಒರಗಿ ಕೂತಿದ್ದರು. ಎಲ್ಲ ವಿಷಯವೂ ಅವರ ಕಿವಿಗೆ ಬಿದ್ದಿತ್ತು.

“ಇಲ್ಲಿ ಬಾ, ಮಗಳೇ,” ಅಂದರು. “ನಿಜ ಹೇಳು. ರಾತ್ರಿ ನನ್ನ ಬಾಯಿಗೆ ಏನಾದರೂ ಹಾಕಿದೆಯಾ?”

“ಹಾಕೋಕೆ ನೋಡಿದೆ ಬಾ. ನೀವು ಬಿಡಲಿಲ್ಲ. ಎಲ್ಲ ಸೂಜಿಯಿಂದಲೇ ಹೋಯ್ತು.”

ಬಾ ಕಣ್ಣು ಮುಚ್ಚಿ ತೆರೆದರು. “ಪಾಪ ಬೇಡ ಅಂತ ಊಟ ಕೊಟ್ಟೆ. ನಿನ್ನ ಅನ್ನವನ್ನೇ ಕಿತ್ತುಕೊಂಡೆ.” ನಿಕಿತಾ ಅವರ ಕೈಗೆ ಖಾಕ್ರಾ ಕೊಟ್ಟಳು, ಹಪ್ಪಳದಂತೆ ತೆಳ್ಳಗೆ ಸುಟ್ಟ ರೊಟ್ಟಿ. ಬಾ ಅದನ್ನು ಬಾಯಿಗಿಡಲಿಲ್ಲ. ಎರಡು ತುಂಡು ಮಾಡಿ ಒಂದನ್ನು ಹೇಮಲತಾಳ ಕಡೆ ಚಾಚಿದರು. “ತಗೋ. ಈಗ ನೀನು ಇಲ್ಲಿಯ ಮಾಸಿಯಲ್ಲ. ಈಗ ಯಾರು ತಡೀತಾರೆ ನೋಡ್ತೀನಿ.”

ಮನಸ್ವಿನಿ ಮೇಡಂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ತಡೆಯಲಿಲ್ಲ. ಹೇಮಲತಾ ಮಂಚದ ಅಂಚಿನಲ್ಲಿ ಕೂತಳು. ಒಂಬತ್ತು ವರ್ಷದಲ್ಲಿ ಆ ವಾರ್ಡಿನಲ್ಲಿ ಅವಳು ಕೂತು ತಿಂದದ್ದು ಅದೇ ಮೊದಲು. ಬಾ ಒಂದು ಚೂರು ಮುರಿದು ಬಾಯಿಗಿಟ್ಟರು, ಇವಳೂ ಒಂದು ಚೂರು ಮುರಿದಳು. ಕರಂಕುರುಂ ಸದ್ದಿನ ನಡುವೆ ಇಬ್ಬರ ಕಣ್ಣಿನಲ್ಲೂ ನೀರು.

ಪೂರ್ವಿ ಆ ದಿನದ ಹೊಸ ಚೀಟಿಯನ್ನು ಹಲಗೆಗೆ ಸಿಕ್ಕಿಸುತ್ತಿದ್ದಳು. ಹೇಮಲತಾ ಸೆರಗಿನ ಮೇಲಿನ ಪುಡಿ ಕೊಡವಿ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡಳು.

“ಸಿಸ್ಟರ್, ಅರ್ಧ ಅಂತ ಬರೀರಿ,” ಅಂದಳು. “ಇನ್ನರ್ಧ ನಾನು ತಿಂದಿದ್ದೀನಿ.”